ದಿನಾಂಕಗಳ ವೃತ್ತಿ: ವಾಣಿಜ್ಯ ವ್ಯಾಜ್ಯದ ವಕೀಲಿ

ವಾಣಿಜ್ಯ ವ್ಯಾಜ್ಯದ ವಕೀಲರು ವ್ಯಾಪಾರದಲ್ಲಿ ಹುಟ್ಟಿದ ಜಗಳಗಳನ್ನು ನಡೆಸುತ್ತಾರೆ. ಸರಕು ಕೊಟ್ಟವನಿಗೆ ದುಡ್ಡು ಬಂದಿಲ್ಲ, ಕಟ್ಟಡದ ಗುತ್ತಿಗೆ ಅರ್ಧಕ್ಕೆ ನಿಂತಿದೆ, ಪಾಲುದಾರರು ಬೇರೆಯಾಗಿದ್ದಾರೆ, ವಿಮಾ ಕಂಪನಿ ಪರಿಹಾರ ನಿರಾಕರಿಸಿದೆ, ಒಬ್ಬರ ಟ್ರೇಡ್‌ಮಾರ್ಕನ್ನು ಇನ್ನೊಬ್ಬರು ತಮ್ಮ ಪ್ಯಾಕೆಟ್ಟಿನ ಮೇಲೆ ಹಾಕಿಕೊಂಡಿದ್ದಾರೆ: ಇಂಥವೆಲ್ಲ ಅವರ ಕಡತಗಳು. ಜಮೀನಿನ ಪಾಲು, ವಿಚ್ಛೇದನ, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಮನುಷ್ಯರ ನೆನಪು ಮುಖ್ಯ ಸಾಕ್ಷ್ಯ. ಇಲ್ಲಿ ಮುಖ್ಯವಾಗುವುದು ಕಾಗದ, ಆ ಕಾಗದದ ಮೇಲಿನ ದಿನಾಂಕ. ಈ ವೃತ್ತಿಯಲ್ಲಿ ಹೆಸರು ಮಾಡಿದವರ ವಾಗ್ಮಿತೆಯನ್ನು ಜನ ಹೊಗಳುತ್ತಾರೆ. ಆದರೆ ಅವರ ನಿಜವಾದ ಬಲ ಇರುವುದು ಬೇರೆ ಯಾರೂ ತಾಳ್ಮೆಯಿಂದ ಓದದ ಫೈಲನ್ನು ಕೊನೆಯ ಪುಟದವರೆಗೆ ಓದುವುದರಲ್ಲಿ.

ಭಾರತದಲ್ಲಿ ಈ ಕ್ಷೇತ್ರಕ್ಕೆ ಈಗಿನ ರೂಪ ಕೊಟ್ಟದ್ದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ. ಮೊದಲಿಗೆ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ವಿವಾದಗಳಷ್ಟೇ ಈ ನ್ಯಾಯಾಲಯಗಳಿಗೆ ಹೋಗುತ್ತಿದ್ದವು. 2018ರ ತಿದ್ದುಪಡಿ ಆ ಮಿತಿಯನ್ನು ಮೂರು ಲಕ್ಷಕ್ಕೆ ಇಳಿಸಿತು. ಸಣ್ಣ ಬದಲಾವಣೆಯಂತೆ ಕಂಡರೂ ವಕೀಲರ ಪಾಲಿಗೆ ಇದು ದೊಡ್ಡದು. ದೊಡ್ಡ ಕಂಪನಿಗಳ ಕಡತ ನೋಡುತ್ತಿದ್ದ ಕೆಲವೇ ಕಚೇರಿಗಳ ಕೈಯಲ್ಲಿದ್ದ ಕೆಲಸ, ದಾವಣಗೆರೆಯ ಬಟ್ಟೆ ವ್ಯಾಪಾರಿಯ, ಹುಬ್ಬಳ್ಳಿಯ ಯಂತ್ರಭಾಗದ ಡೀಲರನ ವಕೀಲರಿಗೂ ಬಂತು. ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಗಳಲ್ಲಿ ಹೈಕೋರ್ಟಿಗೇ ಮೂಲ ದಾವೆ ಕೇಳುವ ಅಧಿಕಾರವಿರುವುದರಿಂದ ದೊಡ್ಡ ಮೊತ್ತದ ವಾಣಿಜ್ಯ ದಾವೆ ಅಲ್ಲಿಯೇ ಶುರುವಾಗುತ್ತದೆ. ಕರ್ನಾಟಕ ಹೈಕೋರ್ಟಿಗೆ ಆ ಅಧಿಕಾರವಿಲ್ಲ. ನೂರು ಕೋಟಿಯ ದಾವೆಯಾದರೂ ಇಲ್ಲಿ ಜಿಲ್ಲಾ ನ್ಯಾಯಾಧೀಶರ ದರ್ಜೆಯ ವಾಣಿಜ್ಯ ನ್ಯಾಯಾಲಯದಲ್ಲಿ ಆರಂಭವಾಗಿ, ಮೇಲ್ಮನವಿಯಲ್ಲಿ ಮಾತ್ರ ಹೈಕೋರ್ಟ್ ಮುಟ್ಟುತ್ತದೆ. ಹೀಗಾಗಿ ವಿಚಾರಣಾ ನ್ಯಾಯಾಲಯದಲ್ಲಿ ನಿಂತು ಸಾಕ್ಷಿಯನ್ನು ಪ್ರಶ್ನಿಸುವ ಕಲೆಯನ್ನು ಬೆಂಗಳೂರಿನ ವಾಣಿಜ್ಯ ವಕೀಲರು ಬಿಟ್ಟುಕೊಡುವಂತಿಲ್ಲ.

ಈ ವೃತ್ತಿಗೆ ಬರಲು ಎರಡು ದಾರಿಗಳಿವೆ. ಪಿಯುಸಿ ಮುಗಿಸಿ ಐದು ವರ್ಷದ ಸಂಯುಕ್ತ ಪದವಿ ಸೇರುವುದು ಒಂದು, ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ ಓದುವುದು ಇನ್ನೊಂದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಿಗೆ 2008ರಿಂದ ಕ್ಲಾಟ್ ಪರೀಕ್ಷೆಯ ಮೂಲಕ ಪ್ರವೇಶ. ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಬಿ.ಕಾಂ. ಓದಿ ಆಮೇಲೆ ಕಾನೂನಿಗೆ ಬಂದವರಿಗೆ ಈ ಕ್ಷೇತ್ರದಲ್ಲಿ ಒಂದು ಅನುಕೂಲ ಇದ್ದೇ ಇದೆ. ಲೆಡ್ಜರ್, ಬ್ಯಾಲೆನ್ಸ್ ಶೀಟ್, ಡೆಬಿಟ್ ನೋಟುಗಳನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ ಸನ್ನದು ಪಡೆಯಬೇಕು. ಹಲವು ರಾಜ್ಯಗಳಲ್ಲಿ ಈ ನೋಂದಣಿಗೆ ಹತ್ತಾರು ಸಾವಿರ ರೂಪಾಯಿ ವಸೂಲಾಗುತ್ತಿತ್ತು. 1961ರ ವಕೀಲರ ಕಾಯ್ದೆ ಹೇಳಿರುವುದಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪಿತ್ತಿತು. ಅದರ ಪ್ರಕಾರ ಸಾಮಾನ್ಯ ವರ್ಗಕ್ಕೆ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಬಡ ಮನೆಯ ಮಕ್ಕಳಿಗೆ ಬಾಗಿಲು ತೆರೆದ ತೀರ್ಪು ಇದು, ತಡವಾಗಿಯಾದರೂ ಬಂದದ್ದು ಒಳ್ಳೆಯದಾಯಿತು. ಸನ್ನದು ಸಿಕ್ಕ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಆಮೇಲಿನ ಮೂರು ನಾಲ್ಕು ವರ್ಷ ಕಿರಿಯ ವಕೀಲನ ಕಾಲ. ಕಾಲೇಜು ಕಲಿಸದೆ ಬಿಟ್ಟದ್ದೆಲ್ಲ ಈ ಅವಧಿಯಲ್ಲಿ ಕೈಗೆ ಹತ್ತಬೇಕು. ಬೆಳಗ್ಗೆ ಎಂಟೂವರೆಗೆ ಸೀನಿಯರ್ ಕಚೇರಿ, ಆ ದಿನದ ಕಾಸ್ ಲಿಸ್ಟಿನಲ್ಲಿ ತಮ್ಮ ಕಡತಗಳು ಯಾವ ಹಾಲಿನಲ್ಲಿ ಎಷ್ಟನೆಯ ನಂಬರಿಗೆ ಬಂದಿವೆ ಎಂಬ ಲೆಕ್ಕ, ಹನ್ನೊಂದಕ್ಕೆ ಮುಂಚೆ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟು. ಅದೇ ಹೊತ್ತಿಗೆ ಹೈಕೋರ್ಟಿನಲ್ಲೂ ಒಂದು ಪ್ರಕರಣ ಇರುತ್ತದೆ. ಇಲ್ಲಿ ನಂಬರು ಕೂಗುವ ಮೊದಲು ಸೀನಿಯರ್ ಅಲ್ಲಿಂದ ಬರಲಾಗದಿದ್ದರೆ ಎದ್ದು ನಿಂತು ‘ಪಾಸ್ ಓವರ್’, ಅಂದರೆ ಪ್ರಕರಣವನ್ನು ಸ್ವಲ್ಪ ಹೊತ್ತಿನ ನಂತರ ಕೂಗುವಂತೆ, ಕೇಳಬೇಕು. ಕೇಳಲೂ ಒಂದು ಹದ ಬೇಕು. ಯಾವ ಪೀಠ ಸಮಯ ಕೊಡುತ್ತದೆ, ಯಾವ ಪೀಠ ‘ನೀವೇ ವಾದಿಸಿ’ ಎನ್ನುತ್ತದೆ ಎಂದು ತಿಳಿದುಕೊಳ್ಳುವುದೂ ವಿದ್ಯೆಯೇ. ಎರಡನೆಯ ಸಾಧ್ಯತೆಗಾಗಿ ಚೆನ್ನಾಗಿ ತರಬೇತಾದ ಜೂನಿಯರ್ ಫೈಲನ್ನು ಪೂರ್ತಿ ಓದಿಕೊಂಡೇ ಹೋಗಿರುತ್ತಾನೆ.

ಈ ವರ್ಷಗಳ ಸಂಗಾತಿ ವಕೀಲರ ಡೈರಿ. ಪ್ರತಿ ದಿನಕ್ಕೊಂದು ಪುಟ, ಎಡಗಡೆ ಹಿಂದಿನ ದಿನಾಂಕ, ನಡುವೆ ದಾವೆಯ ಸಂಖ್ಯೆ ಮತ್ತು ಹಂತ, ಬಲಗಡೆ ಮುಂದಿನ ದಿನಾಂಕ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ಎಲ್ಲ ಮಾಹಿತಿ ಬರುತ್ತದೆ, ನಿಜ. ಆದರೂ ಬಹಳಷ್ಟು ಕಚೇರಿಗಳಲ್ಲಿ ಸಂಜೆ ಕೋರ್ಟಿನಿಂದ ಬಂದ ಕೂಡಲೇ ಡೈರಿ ತುಂಬುವ ಪದ್ಧತಿ ಉಳಿದಿದೆ. ಕೈಯಲ್ಲಿ ಬರೆದ ದಿನಾಂಕ ತಲೆಯಲ್ಲೂ ನಿಲ್ಲುತ್ತದೆ ಎಂಬುದು ಹಳಬರ ಅನುಭವ.

ಈ ಕಾಲದ ಸಂಪಾದನೆ ಕಡಿಮೆ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ದೊಡ್ಡ ಲಾ ಫರ್ಮುಗಳು ಇದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಒಬ್ಬರೇ ಸೀನಿಯರ್ ಇರುವ ಕಚೇರಿಗಳಲ್ಲಿ ಇಷ್ಟೂ ಸಿಗದಿರಬಹುದು. ನಗರದಲ್ಲಿ ಬಾಡಿಗೆ ಕಟ್ಟಿಕೊಂಡು ಇರಬೇಕಾದ, ಮನೆಯಿಂದ ದುಡ್ಡು ತರಿಸಿಕೊಳ್ಳಲಾಗದ ಪ್ರತಿಭಾವಂತರು ವೃತ್ತಿ ಬಿಡುವುದು ಈ ಹಂತದಲ್ಲೇ. ಅದು ನ್ಯಾಯಾಲಯಗಳಿಗೂ ನಷ್ಟ.

ವೃತ್ತಿಯ ತಿರುಳು ತಿಳಿಯಬೇಕಾದರೆ ಒಂದು ಕಡತದ ಹಿಂದೆ ಹೋಗಬೇಕು. ಪೀಣ್ಯದ ಸಣ್ಣ ಕಾರ್ಖಾನೆಯೊಂದು ದೊಡ್ಡ ಕಂಪನಿಗೆ 42 ಲಕ್ಷ ರೂಪಾಯಿಯ ಬಿಡಿಭಾಗಗಳನ್ನು ಮೂರು ಕಂತಿನಲ್ಲಿ ಪೂರೈಸಿದೆ ಎಂದಿಟ್ಟುಕೊಳ್ಳೋಣ. ಹಣ ಬಂದಿಲ್ಲ. ಕೇಳಿದರೆ ‘ಮಾಲು ಸರಿಯಿಲ್ಲ’ ಎಂಬ ಉತ್ತರ. ಮಾಲೀಕರು ವಕೀಲರ ಮುಂದೆ ಕೂತು ಒಂದು ಗಂಟೆ ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ವಕೀಲರು ಅದನ್ನು ಕೇಳಿಸಿಕೊಳ್ಳಬೇಕು, ಕೇಳಿಸಿಕೊಳ್ಳುತ್ತಲೇ ಅವರು ತಂದ ಚೀಲದಲ್ಲಿ ಡೆಲಿವರಿ ಚಲನ್ ಹುಡುಕಬೇಕು. ಪೂರೈಕೆದಾರರ ಬಳಿ ಉಳಿಯುವುದು ಕಾರ್ಬನ್ ಪ್ರತಿ, ಅಕ್ಷರ ಅರ್ಧ ಮಾಸಿರುತ್ತದೆ. ಅದರ ಕೆಳಮೂಲೆಯಲ್ಲಿ ಕೊಂಡ ಕಂಪನಿಯ ಗೇಟಿನ ಸೆಕ್ಯೂರಿಟಿಯ ಸಹಿ, ವಾಹನದ ನಂಬರು, ಒಳಬಂದ ಹೊತ್ತು, ನೇರಳೆ ಶಾಯಿಯ ಮೊಹರು. ಮೊಹರಿನೊಳಗೆ ಸಣ್ಣ ಅಕ್ಷರದಲ್ಲಿ ‘ಗುಣಮಟ್ಟ ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ’ ಎಂಬ ಸಾಲು. ಇಡೀ ದಾವೆ ಆ ಒಂದು ಸಾಲಿನ ಸುತ್ತ ತಿರುಗಬಹುದು.

1930ರ ಸರಕು ಮಾರಾಟ ಕಾಯ್ದೆಯ 41ನೆಯ ಕಲಂ ಕೊಂಡವನಿಗೆ ಸರಕನ್ನು ಪರೀಕ್ಷಿಸುವ ಹಕ್ಕು ಕೊಡುತ್ತದೆ. ಆದರೆ ತಿರಸ್ಕರಿಸುವುದಾಗಿ ತಿಳಿಸದೆ ಯುಕ್ತವಾದ ಕಾಲ ಮೀರಿ ತನ್ನಲ್ಲೇ ಇಟ್ಟುಕೊಂಡರೆ ಅವನು ಒಪ್ಪಿಕೊಂಡಂತೆಯೇ ಸರಿ ಎನ್ನುತ್ತದೆ 42ನೆಯ ಕಲಂ. ಹಾಗಾಗಿ ವಕೀಲರ ಮುಂದಿನ ಪ್ರಶ್ನೆ: ಮಾಲು ಸರಿಯಿಲ್ಲ ಎಂಬ ಮೊದಲ ಇಮೇಲ್ ಯಾವತ್ತು ಬಂತು? ಸರಕು ಹೋದ ವಾರದೊಳಗೋ, ಹಣ ಕೇಳಿದ ಮಾರನೆಯ ದಿನವೋ? ಕಂಪನಿ ಆ ಇನ್‌ವಾಯ್ಸ್ ಮೇಲೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಪಡೆದಿದೆಯೇ? ಡೆಬಿಟ್ ನೋಟ್ ಕಳಿಸಿದೆಯೇ? ಕೆಟ್ಟ ಮಾಲನ್ನು ಹಿಂದಿರುಗಿಸಿದೆಯೇ, ಜೋಡಿಸಿ ಮಾರಿಬಿಟ್ಟಿದೆಯೇ? ಒಂದೊಂದು ಉತ್ತರಕ್ಕೂ ಒಂದೊಂದು ಕಾಗದ ಇರುತ್ತದೆ. ಅದನ್ನು ಕಕ್ಷಿದಾರರ ಅಕೌಂಟೆಂಟಿನಿಂದ ಹೊರಡಿಸುವುದೇ ಮೊದಲ ತಿಂಗಳ ಕೆಲಸ.

ಇನ್ನೊಂದು ಪ್ರಶ್ನೆ ಕಾಲಮಿತಿಯದು. 1963ರ ಕಾಲಮಿತಿ ಕಾಯ್ದೆಯಂತೆ ಸಾಲದ ಅವಧಿ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ವ್ಯಾಪಾರಿಗಳು ಸಂಬಂಧ ಕೆಡುತ್ತದೆಂದು ಕಾಯುತ್ತಾರೆ, ಕಾಯುತ್ತ ಗಡುವು ದಾಟಿಸುತ್ತಾರೆ. ಆಗ ಕೆಲವೊಮ್ಮೆ ಕೈಹಿಡಿಯುವುದು ಲೆಕ್ಕಪರಿಶೋಧಕರ ಒಂದು ಸಾಮಾನ್ಯ ಪತ್ರ. ವರ್ಷಾಂತ್ಯದಲ್ಲಿ ಕಂಪನಿಗಳು ಪರಸ್ಪರ ಬಾಕಿ ಖಚಿತಪಡಿಸಿ ಸಹಿ ಮಾಡಿ ಕಳಿಸಿಕೊಳ್ಳುತ್ತವೆ. ಗಡುವಿನೊಳಗೆ ಬಂದ ಅಂಥ ಲಿಖಿತ ಒಪ್ಪಿಗೆಯಿಂದ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮಾಲೀಕರು ಕೆಲಸಕ್ಕೆ ಬಾರದ್ದೆಂದು ಬೇರೆ ಫೈಲಿಗೆ ಹಾಕಿದ್ದ ಆ ಹಾಳೆ ಪ್ರಕರಣವನ್ನೇ ಉಳಿಸಿಬಿಡಬಹುದು.

ಎಲ್ಲಿಗೆ ಹೋಗಬೇಕು ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. ಕಾರ್ಖಾನೆ ಸಣ್ಣ ಉದ್ಯಮವಾಗಿ ನೋಂದಣಿಯಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಸೌಲಭ್ಯ ಮಂಡಳಿ ಇದೆ. ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನಕ್ಕಿಂತ ಹೆಚ್ಚು ಕಾಲ ಹಣ ತಡೆಯುವಂತಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದಿವಾಳಿ ಸಂಹಿತೆಯಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗುವ ದಾರಿ ಈ ಕಾರ್ಖಾನೆಗಿಲ್ಲ. 2020ರ ಮಾರ್ಚಿನಿಂದ ಅಲ್ಲಿಗೆ ಕನಿಷ್ಠ ಬಾಕಿ ಒಂದು ಕೋಟಿ ಇರಬೇಕು, ಮೇಲಾಗಿ ಮೊದಲೇ ನಿಜವಾದ ತಕರಾರು ಇದ್ದ ಸಾಲಕ್ಕೆ ಅಲ್ಲಿ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೆ ಹಾದಿ ಮತ್ತೆ ಬೇರೆ. ಈ ಆಯ್ಕೆಯಲ್ಲಿ ತಪ್ಪಿದರೆ ಕಕ್ಷಿದಾರರ ಒಂದೆರಡು ವರ್ಷ ಹೋಗಿಬಿಡುತ್ತದೆ. ಒಳ್ಳೆಯ ವಕೀಲರು ಗಳಿಸುವ ಶುಲ್ಕದ ದೊಡ್ಡ ಭಾಗ ಈ ಮೊದಲ ಸಲಹೆಗೆ ಸಲ್ಲಬೇಕು.

ವಾಣಿಜ್ಯ ನ್ಯಾಯಾಲಯವೇ ಸರಿ ಎಂದಾದರೆ, ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಈ ನಿಯಮ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟಿನಲ್ಲಿ ಖಚಿತಪಡಿಸಿತು. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು ಅದಕ್ಕೆ ಅವಕಾಶ. ಈ ಅವಧಿ ಕಾಲಮಿತಿಗೆ ಲೆಕ್ಕವಾಗುವುದಿಲ್ಲ. ಎದುರಾಳಿ ಬರದೇ ಹೋದರೆ ಇದು ಬರೀ ಕಾಯುವ ಕಾಲ ಎನ್ನುವವರಿದ್ದಾರೆ. ಆದರೆ ಮತ್ತೆ ವ್ಯವಹಾರ ಮಾಡಬೇಕಾದ ಇಬ್ಬರು ಒಂದೇ ಮೇಜಿಗೆ ಬಂದು ಕೂತಾಗ 42 ಲಕ್ಷದ ಜಗಳ 35ಕ್ಕೆ ಮುಗಿಯುವುದೂ ಉಂಟು. ಅದರಲ್ಲಿ ವಕೀಲರಿಗೆ ಸೋಲೇನೂ ಇಲ್ಲ.

ಮುಗಿಯದಿದ್ದರೆ ವಾದಪತ್ರ. ಸಾಮಾನ್ಯ ಸಿವಿಲ್ ದಾವೆಯಲ್ಲಿ ದಾಖಲೆಗಳನ್ನು ಆಮೇಲೆ ಸೇರಿಸಿಕೊಳ್ಳುತ್ತ ಹೋಗುವ ಅಭ್ಯಾಸ ಇಲ್ಲಿ ನಡೆಯದು. ವಿವಾದಕ್ಕೆ ಸಂಬಂಧಿಸಿದ, ತಮ್ಮ ವಶದಲ್ಲಿರುವ ಎಲ್ಲ ದಾಖಲೆಯನ್ನೂ ವಾದಪತ್ರದ ಜತೆಗೇ ಕೊಡಬೇಕು, ತಮಗೆ ವಿರುದ್ಧವಾಗಿರುವುದನ್ನೂ ಸೇರಿಸಿ. ಸತ್ಯದ ಘೋಷಣೆಗೆ ಕಕ್ಷಿದಾರರು ಸಹಿ ಹಾಕಬೇಕು. ಒಂದು ಕೆಟ್ಟ ಇಮೇಲನ್ನು ಬಚ್ಚಿಡೋಣವೇ ಎಂದು ಮಾಲೀಕರು ಕೇಳಿದರೆ, ಆಗದು ಎಂದು ಹೇಳಿ, ಆ ಇಮೇಲ್ ಇಟ್ಟುಕೊಂಡೇ ಗೆಲ್ಲುವ ದಾರಿ ಹುಡುಕುವುದು ವಕೀಲರ ಕರ್ತವ್ಯ. ಇಮೇಲ್, ವಾಟ್ಸ್ಆ್ಯಪ್ ಸಂದೇಶಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗಿರುವುದರಿಂದ ಈಗ ಕಿರಿಯ ವಕೀಲರು ಕಂಪ್ಯೂಟರ್ ಬಲ್ಲವರ ಜತೆ ಕೂತು ಕೆಲಸ ಮಾಡುವುದು ಸಾಮಾನ್ಯವಾಗಿದೆ.

ಪ್ರತಿವಾದಿಯ ವಕೀಲರ ಮೇಲೂ ಗಡಿಯಾರ ಓಡುತ್ತಿರುತ್ತದೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಕಾರಣ ತೋರಿಸಿ ವೆಚ್ಚ ಕಟ್ಟಿದರೆ 120ನೆಯ ದಿನದವರೆಗೆ ಎಳೆಯಬಹುದು. 121ನೆಯ ದಿನ ನ್ಯಾಯಾಧೀಶರಿಗೇ ಅದನ್ನು ಸ್ವೀಕರಿಸುವ ಅಧಿಕಾರವಿಲ್ಲ ಎಂಬುದು 2019ರಲ್ಲಿ ಸುಪ್ರೀಂ ಕೋರ್ಟಿನಿಂದ ಸ್ಪಷ್ಟವಾಯಿತು. ದೊಡ್ಡ ಕಂಪನಿಗಳಲ್ಲಿ ಸಮನ್ಸ್ ಇನ್‌ವರ್ಡ್ ಟೇಬಲ್ಲಿನಲ್ಲಿ ಎರಡು ತಿಂಗಳು ಮಲಗಿ ಆಮೇಲೆ ವಕೀಲರ ಕೈ ಸೇರುತ್ತದೆ. ಉಳಿದ ದಿನಗಳಲ್ಲಿ ಕಾರ್ಖಾನೆ, ಹೆಡ್ ಆಫೀಸು, ನಿವೃತ್ತರಾದ ಮ್ಯಾನೇಜರು ಎಲ್ಲರಿಂದ ವಿವರ ಕೂಡಿಸಿ ನೂರು ಪುಟದ ಉತ್ತರ ಸಿದ್ಧಪಡಿಸಬೇಕು. ಈ ಕ್ಷೇತ್ರದ ವಕೀಲರಿಗೆ ರಾತ್ರಿ ನಿದ್ದೆ ಕೆಡಿಸುವುದು ವಾದಕ್ಕಿಂತ ಹೆಚ್ಚಾಗಿ ಇಂಥ ಗಡುವುಗಳೇ.

ಲಿಖಿತ ಹೇಳಿಕೆ ಬಂದ ಮೇಲೆ ನ್ಯಾಯಾಲಯ ಕೇಸ್ ಮ್ಯಾನೇಜ್‌ಮೆಂಟ್ ವಿಚಾರಣೆ ನಡೆಸಿ, ವಿವಾದಾಂಶಗಳನ್ನು ಗೊತ್ತುಮಾಡಿ, ಮುಂದಿನ ಹಂತಗಳಿಗೆ ದಿನಾಂಕ ಕಟ್ಟುತ್ತದೆ. ಆ ವಿಚಾರಣೆಯಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು ಎನ್ನುತ್ತದೆ ನಿಯಮ. ಕಡತಗಳ ಹೊರೆಯಿಂದ ಎಲ್ಲ ಕಡೆ ಅದು ಪಾಲನೆಯಾಗುತ್ತಿಲ್ಲ. ಸಾಕ್ಷಿಯ ಮುಖ್ಯ ಹೇಳಿಕೆ ಪ್ರಮಾಣಪತ್ರದಲ್ಲೇ ಬರುವುದರಿಂದ ಕಟಕಟೆಯಲ್ಲಿ ನಡೆಯುವುದು ಪಾಟೀಸವಾಲು ಮಾತ್ರ. ಕಂಪನಿಯ ಕ್ವಾಲಿಟಿ ಮ್ಯಾನೇಜರ್ ‘ಮಾಲು ಕೆಟ್ಟಿತ್ತು’ ಎಂದಾಗ ಜೋರಾಗಿ ಗದರುವುದರಿಂದ ಏನೂ ದಕ್ಕದು. ತಪಾಸಣೆಯ ವರದಿ ಯಾವ ದಿನದ್ದು, ಅದರ ಮೇಲೆ ಬ್ಯಾಚ್ ನಂಬರು ಇದೆಯೇ, ಅದೇ ಬ್ಯಾಚಿನ ಭಾಗಗಳನ್ನು ಜೋಡಿಸಿದ ಯಂತ್ರವನ್ನು ಯಾರಿಗೆ ಮಾರಿದಿರಿ: ಇಂಥ ನಾಲ್ಕು ಚಿಕ್ಕ ಪ್ರಶ್ನೆಗಳು ಸಾಕಾಗುತ್ತವೆ.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಒಪ್ಪಂದ, ಇಮೇಲ್, ವಾದಪತ್ರ ಬಹುಪಾಲು ಇಂಗ್ಲಿಷಿನಲ್ಲಿ. ಆದರೆ ಸ್ಟೋರ್ ಕೀಪರ್, ಚಾಲಕ, ಗೇಟಿನ ಕಾವಲುಗಾರ ಕನ್ನಡದಲ್ಲೇ ಹೇಳುತ್ತಾರೆ. ‘ಮಾಲು ಇಳಿಸ್ಕೊಂಡ್ವಿ’ ಎಂಬ ಮಾತು ಬರೆದುಕೊಳ್ಳುವಾಗ ‘ಸ್ವೀಕರಿಸಿದೆವು’ ಎಂದಾದರೆ ಅರ್ಥ ಬದಲಾಗುತ್ತದೆ. ಅಲ್ಲೇ ಎದ್ದು ತಿದ್ದಿಸಬಲ್ಲ, ಎರಡೂ ಭಾಷೆ ಹಿಡಿತದಲ್ಲಿರುವ ವಕೀಲರಿಗೆ ಈ ಊರಿನ ಕೋರ್ಟುಗಳಲ್ಲಿ ಬೆಲೆ ಇದೆ, ಇನ್ನೂ ಹೆಚ್ಚು ಇರಬೇಕು.

ವಾದ ಮುಗಿದ 90 ದಿನದೊಳಗೆ ತೀರ್ಪು ಬರಬೇಕು, ತೀರ್ಪಿನಿಂದ 60 ದಿನದೊಳಗೆ ಮೇಲ್ಮನವಿ ಹೋಗಬೇಕು. ಗೆದ್ದ ಕಕ್ಷಿದಾರರಿಗೆ ಆಮೇಲೆ ಇನ್ನೊಂದು ಹೋರಾಟವಿದೆ, ಡಿಕ್ರಿಯ ಅಮಲ್ಜಾರಿ. ಬ್ಯಾಂಕ್ ಖಾತೆ, ಯಂತ್ರ, ಮೂರನೆಯವರಿಂದ ಬರಬೇಕಾದ ಬಾಕಿ ಇವನ್ನು ಹುಡುಕಿ ಜಪ್ತಿ ಮಾಡಿಸಬೇಕು. ಅಮಲ್ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಇಡೀ ದೇಶಕ್ಕೆ ಕೊಟ್ಟ ನಿರ್ದೇಶನ ಹುಟ್ಟಿದ್ದು ಬೆಂಗಳೂರಿನ ಮೈಸೂರು ರಸ್ತೆಯ ಒಂದು ಆಸ್ತಿಯ ಪ್ರಕರಣದಿಂದ. ಕಾಗದದ ಮೇಲಿನ ಗೆಲುವನ್ನು ಹಣವಾಗಿ ಮಾಡಿಕೊಡುವ ಈ ಕೆಲಸಕ್ಕೆ ಹೆಸರು ಬರುವುದಿಲ್ಲ. ಆದರೂ ಕಕ್ಷಿದಾರರು ವಕೀಲರನ್ನು ನೆನೆಯುವುದು ಇದಕ್ಕಾಗಿಯೇ.

ಕೋರ್ಟಿನ ಹೊರಗಿನ ದೊಡ್ಡ ಕ್ಷೇತ್ರ ಆರ್ಬಿಟ್ರೇಷನ್. ಹೆದ್ದಾರಿ, ಮೆಟ್ರೊ, ವಿದ್ಯುತ್ ಯೋಜನೆಗಳ ಗುತ್ತಿಗೆಯ ಜಗಳಗಳು ಹೆಚ್ಚಾಗಿ ಇಲ್ಲಿ ನಡೆಯುತ್ತವೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಹೈಕೋರ್ಟಿನ ಆಶ್ರಯದ ಆರ್ಬಿಟ್ರೇಷನ್ ಕೇಂದ್ರವಿದೆ. ಇಲ್ಲಿ ಕಪ್ಪು ಗೌನು ಬೇಡ, ಕೂತು ಮಾತಾಡುತ್ತಾರೆ, ಸಂಜೆ ಮತ್ತು ಶನಿವಾರಗಳಲ್ಲೂ ವಿಚಾರಣೆ ನಡೆಯುತ್ತದೆ. ಆದ್ದರಿಂದ ವಕೀಲರ ವಾರಾಂತ್ಯವೂ ಕೆಲಸಕ್ಕೆ ಸೇರಿಹೋಗುತ್ತದೆ. ಕೊನೆಯ ಆದೇಶವನ್ನು ಪ್ರಶ್ನಿಸಲು ಮೂರು ತಿಂಗಳು, ತೀರ ಅನಿವಾರ್ಯವಾದರೆ ಇನ್ನು 30 ದಿನ, ಆಚೆಗೆ ಒಂದು ದಿನವೂ ಇಲ್ಲ.

ಐದಾರು ವರ್ಷ ಕಳೆದ ಮೇಲೆ ದಾರಿಗಳು ಕವಲೊಡೆಯುತ್ತವೆ. ಫರ್ಮಿನಲ್ಲೇ ಉಳಿದವರು ಅಸೋಸಿಯೇಟ್‌ನಿಂದ ಪಾರ್ಟ್‌ನರ್ ಹಂತಕ್ಕೆ ಹೋಗುತ್ತಾರೆ. ಅಲ್ಲಿ ಕಾನೂನಿನ ಜತೆಗೆ ಕಕ್ಷಿದಾರರನ್ನು ತರುವ ಶಕ್ತಿಯೂ ಬೇಕು. ಸ್ವಂತ ಕಚೇರಿ ತೆರೆದವರಿಗೆ ಮೊದಲ ಎರಡು ವರ್ಷ ಕಷ್ಟ. ವಕೀಲರು ಜಾಹೀರಾತು ಕೊಡುವಂತಿಲ್ಲ, ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವಂತಿಲ್ಲ, ತಾವೇ ವ್ಯಾಪಾರ ನಡೆಸುವಂತಿಲ್ಲ. ಕೆಲಸ ಬರುವುದು ಹಳೆಯ ಕಕ್ಷಿದಾರರ ಮಾತಿನಿಂದ, ಲೆಕ್ಕಪರಿಶೋಧಕರ ಪರಿಚಯದಿಂದ, ಕೆಲವೊಮ್ಮೆ ಪಾಟೀಸವಾಲಿನಲ್ಲಿ ಸೋತ ಎದುರಾಳಿಯಿಂದಲೇ.

ದೆಹಲಿಗೆ ಹೋಗಿ ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಆಗಬೇಕಾದರೆ ನಾಲ್ಕು ವರ್ಷದ ವೃತ್ತಿ, ಆ ಮೇಲೆ ಒಂದು ವರ್ಷದ ತರಬೇತಿ, ಪರೀಕ್ಷೆ ಮತ್ತು ನ್ಯಾಯಾಲಯದಿಂದ 16 ಕಿಲೋಮೀಟರ್ ಒಳಗೆ ಕಚೇರಿ ಬೇಕು. ಇಪ್ಪತ್ತು ವರ್ಷದ ಆಸುಪಾಸಿನಲ್ಲಿ ಕೆಲವರಿಗೆ ಹೈಕೋರ್ಟು ಹಿರಿಯ ವಕೀಲರ ಪದವಿ ಕೊಡುತ್ತದೆ. ಈ ಆಯ್ಕೆಗೆ 2017ರಲ್ಲಿ ಬಂದ ಅಂಕ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಕೈಬಿಟ್ಟಿತು. ಹಿರಿಯ ವಕೀಲರು ವಕಾಲತ್ತು ಹಾಕುವುದಿಲ್ಲ, ಕಕ್ಷಿದಾರರಿಂದ ನೇರವಾಗಿ ಕೆಲಸ ತೆಗೆದುಕೊಳ್ಳುವುದಿಲ್ಲ, ಬೇರೆ ವಕೀಲರ ಮೂಲಕ ಬಂದು ವಾದಿಸುತ್ತಾರೆ. ನ್ಯಾಯಾಂಗ ಸೇವೆಗೆ ಹೋಗುವವರೂ ಇದ್ದಾರೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ 2025ರಿಂದ ಮತ್ತೆ ಮೂರು ವರ್ಷದ ವಕೀಲಿ ಕಡ್ಡಾಯವಾಗಿದೆ, ಜಿಲ್ಲಾ ನ್ಯಾಯಾಧೀಶರಾಗಿ ನೇರ ನೇಮಕಕ್ಕೆ ಏಳು ವರ್ಷ ಬೇಕು.

ಕಂಪನಿಯ ಕಾನೂನು ವಿಭಾಗ ಸೇರುವುದು ಇನ್ನೊಂದು ಕವಲು. ನಿಶ್ಚಿತ ಸಂಬಳ, ನಿಶ್ಚಿತ ವೇಳೆ, ಮಕ್ಕಳು ಚಿಕ್ಕವರಿರುವಾಗ ಇದು ಹಲವರಿಗೆ ಅನಿವಾರ್ಯ. ಅಲ್ಲಿ ಅವರು ಹೊರಗಿನ ವಕೀಲರನ್ನು ಆರಿಸುತ್ತಾರೆ, ಒಪ್ಪಂದ ಬರೆಯುವಾಗಲೇ ಜಗಳದ ಬೀಜ ಎಲ್ಲಿದೆ ಎಂದು ನೋಡುತ್ತಾರೆ. ಕೋರ್ಟು ಕಂಡು ಬಂದವರು ಬರೆದ ಒಪ್ಪಂದದಲ್ಲಿ ಮಾಲಿನ ತಪಾಸಣೆಗೆ ಎಷ್ಟು ದಿನ, ತಕರಾರನ್ನು ಯಾವ ಇಮೇಲಿಗೆ ಕಳಿಸಬೇಕು, ಯಾವ ಊರಿನ ನ್ಯಾಯಾಲಯ ಎಂಬುದೆಲ್ಲ ಬಿಡಿಸಿ ಬರೆದಿರುತ್ತದೆ. ಆದರೆ ಪೂರ್ಣಾವಧಿ ನೌಕರಿಗೆ ಸೇರಿದ ದಿನದಿಂದ ಸನ್ನದನ್ನು ಅಮಾನತಿನಲ್ಲಿಡಬೇಕು, ಆ ಕಂಪನಿಯ ಪರವಾಗಿಯೂ ವಕೀಲರಾಗಿ ನಿಲ್ಲುವಂತಿಲ್ಲ. ಮತ್ತೆ ಕೋರ್ಟಿಗೆ ಮರಳಬೇಕೆಂದರೆ ನೌಕರಿ ಬಿಟ್ಟು, ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟು, ಸನ್ನದನ್ನು ಊರ್ಜಿತಗೊಳಿಸಿಕೊಂಡು ಬರಬೇಕು.